ಆಲೂಗಡ್ಡೆ ಮಲಗಿದ ಹಾಸಿಗೆ

ಪೆಟಾಲಿಂಗ್ ಜಯಾ
೭ ಸೆಪ್ಟೆಂಬರ್ ೨೦೨೫

ರೀ,

ಇವತ್ತು ಏಳುವ ಹೊತ್ತಿಗೆ ಒಂದು ಕೆಟ್ಟ ಕನಸು ಬಿತ್ತು. ಅದನ್ನು ಹೇಳಿ ಮುಗಿಸದೆ ಬೇರೆ ಏನು ಬರೆಯಲೂ ಕೈ ಓಡುತ್ತಿಲ್ಲ. ಅಳಿಯನ ಕಾರು ಮುಂದೆ ಮುಂದೆ ಹೋಗುತ್ತಿದೆ. ಹಿಂದೆ ಕಟ್ಟಿದ ಕ್ಯಾರವಾನು ಕೊಂಡಿ ಕಳಚಿಕೊಂಡು ಹಿಂದಕ್ಕೆ ಉರುಳುತ್ತಿದೆ. ಒಳಗೆ ನೀವೊಬ್ಬರೇ, ಲುಂಗಿ ಉಟ್ಟುಕೊಂಡು ಚಹಾ ಸೋಸುತ್ತಾ ನಿಂತಿದ್ದೀರಿ. ನಾನು ರಸ್ತೆ ಬದಿಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದರೆ, ನೀವು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸಕ್ಕರೆ ಡಬ್ಬಿ ಎಲ್ಲಿಟ್ಟಿದ್ದೀಯೇ?" ಎಂದು ಕೇಳಿದಿರಿ.

ನಿನ್ನೆ ಅಡಿಲೇಡಿನಿಂದ ಹೊರಟಿರಿ ಎಂದು ಮಯೂರಿ ಫೋಟೊ ಕಳಿಸಿದ್ದಾಳೆ. ಮಗಳು, ಅಳಿಯ, ಮೊಮ್ಮಗಳು ಎಲ್ಲರೂ ನಗುತ್ತಿದ್ದಾರೆ. ನನಗೆ ಮಾತ್ರ ಆ ಕೊಂಡಿಯೇ ಕಣ್ಣಿಗೆ ಬಿತ್ತು. ಅಷ್ಟು ದೊಡ್ಡ ಮನೆಯನ್ನು ಅಷ್ಟು ಸಣ್ಣ ಕಬ್ಬಿಣದ ಮೇಲೆ ನಂಬುವುದು ಹೇಗೆ? ಕಾರ್ಖಾನೆಯಲ್ಲಿ ಅಷ್ಟು ವರ್ಷ ಮಿಷನ್ನು ರಿಪೇರಿ ಮಾಡಿಸಿದವರು ನೀವು, ಮನೀಷನನ್ನು ನಂಬಿ ಕೂರಬೇಡಿ, ನೀವೇ ಬಗ್ಗಿ ನೋಡಿ.

ಫೋನಿನಲ್ಲಿ ನಾನು ಹಲೋ ಹಲೋ ಎನ್ನುವುದರಲ್ಲೇ ಸಿಗ್ನಲ್ಲು ಹೋಗುತ್ತದೆ. ಕಾಗದದಲ್ಲಿ ಬರೆದು ಫೋಟೊ ತೆಗೆದು ಕಳಿಸು, ಸಿಕ್ಕಾಗ ಓದುತ್ತೇನೆ ಎಂದಿರಲ್ಲ, ಅದಕ್ಕೇ ಈ ಪತ್ರ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಂತಿರುವುದಿಲ್ಲ, ನೀವೇ ನಿಲ್ಲಿಸಿಕೊಂಡು ಓದಿಕೊಳ್ಳಿ.

ನಿಂಬೆಹಣ್ಣಿನ ವಿಷಯ ಮರೆಯಬೇಡಿ. ಮಗಳ ಹಿತ್ತಲಿನ ಗಿಡದ್ದು ಒಂದು ಚೀಲ ಕಿತ್ತುಕೊಂಡಿದ್ದೀರಿ ತಾನೇ? ದಿನಾ ಗಾಡಿ ಹೊರಡುವ ಮುಂಚೆ ಚಕ್ರಕ್ಕೊಂದು ಇಟ್ಟು ಮುಂದೆ ಹೋಗಬೇಕು. ಕಾರಿಗೆ ಮಾತ್ರ ಅಲ್ಲ, ಹಿಂದಿನ ಮನೆಗೂ. ಬಾಗಿಲಿಗೆ ನಿಂಬೆಹಣ್ಣು, ಹಸಿಮೆಣಸು ಪೋಣಿಸಿ ಕಟ್ಟಿದ್ದು ಬಾಡಿದರೆ ಬದಲಾಯಿಸಿ. ಅಷ್ಟು ದೊಡ್ಡ ಬಿಳಿ ಗಾಡಿಗೆ ದೃಷ್ಟಿ ತಾಗದೆ ಇರುತ್ತದೆಯೇ?

ನನ್ನ ಮೊಣಕಾಲು ಹಾಗೇ ಇದೆ.

ಜಲಜಾಕ್ಷಿ


ಕೂಬರ್ ಪೀಡಿ
೧೧ ಸೆಪ್ಟೆಂಬರ್

ಜಲಜಾ,

ನಿನ್ನ ಕನಸಿನಲ್ಲೂ ನನಗೆ ಸಕ್ಕರೆ ಸಿಗಲಿಲ್ಲ ಎಂದು ಓದಿ ಬೇಸರವಾಯಿತು. ಕೊಂಡಿ ಗಟ್ಟಿ ಇದೆ. ಎರಡು ಸರಪಳಿಯೂ ಇದೆ. ನಾನೇ ಬಗ್ಗಿ ನೋಡಿದೆ. ಏಳುವಾಗ ಸೊಂಟ ಹಿಡಿದುಕೊಂಡಿತು, ಆ ಪಾಪ ನಿನ್ನದು.

ನಾವೀಗ ಇರುವ ಊರಿನಲ್ಲಿ ಜನ ನೆಲದ ಕೆಳಗೆ ಮನೆ ಮಾಡಿಕೊಂಡಿದ್ದಾರೆ. ಮೇಲೆ ನೋಡಿದರೆ ಬರೀ ಮಣ್ಣುಗುಡ್ಡೆ, ಅಲ್ಲೊಂದು ಇಲ್ಲೊಂದು ಹೊಗೆ ಕೊಳವೆ. ಒಳಗೆ ಇಳಿದರೆ ಅಡುಗೆಮನೆ, ಟೀವಿ, ಚರ್ಚು ಎಲ್ಲ ಇದೆ. ಬಣ್ಣದ ಕಲ್ಲು ಅಗೆಯಲು ಬಂದವರು ಬಿಸಿಲು ತಾಳಲಾರದೆ ಅಗೆದ ಗುಂಡಿಯಲ್ಲೇ ಉಳಿದುಬಿಟ್ಟರಂತೆ. ಸಮೀಕ್ಷಾ ಒಳಗೆ ಹೋದವಳೇ, "ಅಜ್ಜಾ, ಅಜ್ಜಿ ಇಲ್ಲಿ ಸೇಫ್ ಲಾ, ನಥಿಂಗ್ ಕ್ಯಾನ್ ಫಾಲ್!" ಎಂದಳು. ಪೆಟಾಲಿಂಗ್ ಜಯಾ ಬಿಟ್ಟು ಬಂದು ಎರಡು ವರ್ಷವಾದರೂ ಹುಡುಗಿಯ ಬಾಯಲ್ಲಿ ಮಲೇಷ್ಯಾದವರ 'ಲಾ' ಹೋಗಿಲ್ಲ. ಅದಕ್ಕೆ ಅವಳಮ್ಮ, "ಮೇಲಿಂದ ಮಣ್ಣು ಬಿದ್ದರೆ ಅಂತ ಅಜ್ಜಿ ಒಳಗೂ ಕೊಡೆ ಹಿಡ್ಕೊಂಡು ಕೂತಿರ್ತಾಳೆ" ಎಂದಳು. ನಿನ್ನ ಮಗಳು, ನಾನು ಹೇಳಿಕೊಟ್ಟದ್ದಲ್ಲ.

ಬರುವ ದಾರಿಯಲ್ಲಿ ಒಂದು ಕಡೆ ಸ್ವಲ್ಪ ಹೊತ್ತು ನಿಂತು ಪ್ರಕೃತಿ ನೋಡಿದೆವು. ಬಹಳ ಚೆನ್ನಾಗಿತ್ತು.

ಈಗ ಮುಖ್ಯವಾದದ್ದು. ಕ್ಯಾರವಾನಿನಲ್ಲಿ ಕಿಟಕಿ ಪಕ್ಕದ ಒಂದು ಹಾಸಿಗೆ ನಿನ್ನದು. ಅದನ್ನು ಯಾರಿಗೂ ಕೊಟ್ಟಿಲ್ಲ. ಸದ್ಯಕ್ಕೆ ಅದರ ಮೇಲೆ ಆಲೂಗಡ್ಡೆ ಚೀಲ ಮಲಗಿದೆ. ತಿಂಗಳ ಕೊನೆಗೆ ಪರ್ತ್ ಸೇರುತ್ತೇವೆ. ಕೌಲಾಲಂಪುರದಿಂದ ಅಲ್ಲಿಗೆ ಒಂದೇ ವಿಮಾನ, ಎಲ್ಲೂ ಬದಲಿಸಬೇಕಾಗಿಲ್ಲ. ವೀಸಾ ನನ್ನ ಜೊತೆಗೇ ಮಾಡಿಸಿದ್ದು ಹಾಗೇ ಇದೆ. ನೀನು ಬಂದರೆ ಅಲ್ಲಿಂದ ಉತ್ತರಕ್ಕೆ, ಕೆಂಪು ಬೆಟ್ಟ, ನೀಲಿ ಕಡಲು ನೋಡಿಕೊಂಡು ಬ್ರೂಮ್ ಊರಿನ ತನಕ ಹೋಗುವುದು. ಬಾರದಿದ್ದರೆ ನಾನು ಪರ್ತಿನಿಂದಲೇ ವಾಪಸು. ಮಯೂರಿ ಖಂಡಿತವಾಗಿ ಹೇಳಿದ್ದಾಳೆ: "ಅಮ್ಮ ಇಲ್ದೆ ಅಪ್ಪನ್ನ ಇನ್ನೂ ಒಂದು ತಿಂಗಳು ನೋಡ್ಕೊಳ್ಳೋಕೆ ನನ್ನಿಂದ ಆಗಲ್ಲ."

ನಾವಿಬ್ಬರೂ ಒಟ್ಟಿಗೆ ಎಲ್ಲಿಗಾದರೂ ಹೋಗಿ ಎಷ್ಟು ಕಾಲವಾಯಿತು ಎಂದು ನಿನ್ನೆ ಲೆಕ್ಕ ಹಾಕಲು ಹೊರಟೆ. ಹಾಕಲಿಲ್ಲ.

ಮೊಣಕಾಲಿಗೆ ಎಣ್ಣೆ ಹಚ್ಚು.

ಸುಬ್ರಾಯ


ಪೆಟಾಲಿಂಗ್ ಜಯಾ
೧೩ ಸೆಪ್ಟೆಂಬರ್

ರೀ,

ಪ್ರಕೃತಿ ನೋಡಿದೆವು ಎಂದು ಬರೆದಿದ್ದೀರಿ. ನೀವು ಯಾವಾಗ ಪ್ರಕೃತಿ ನೋಡಿದವರು? ಕ್ಯಾಮರಾನ್ ಹೈಲ್ಯಾಂಡಿಗೆ ಹೋದಾಗ ಎಲ್ಲರೂ ಚಹಾ ತೋಟ ನೋಡುತ್ತಿದ್ದರೆ ನೀವು ಬಸ್ಸಿನ ಇಂಜಿನ್ನಿನೊಳಗೆ ತಲೆ ಹಾಕಿದ್ದಿರಿ. ಏನಾಗಿತ್ತು? ಗಾಡಿ ಕೆಟ್ಟಿತ್ತೇ? ಯಾರಿಗಾದರೂ ವಾಂತಿಯೇ? ಹಾವೇ? ಅಲ್ಲಿ ಕಾಂಗರೂ ಎದುರಿಗೆ ಹಾರುತ್ತದಂತೆ, ಪಕ್ಕದ ಮನೆ ಫಿಲೊಮಿನಾ ಹೇಳಿದಳು. ಹೇಳಿದ ಮೇಲೆ ಅವಳೇ, "ನಿಂಗೆ ಇದೆಲ್ಲ ಹೇಳ್ಬಾರ್ದಿತ್ತು ಮಾರಾಯ್ತಿ" ಎಂದು ಬಾಯಿ ಮುಚ್ಚಿಕೊಂಡಳು. ಮುಚ್ಚಿಕೊಂಡದ್ದರಿಂದ ಇನ್ನೂ ಗಾಬರಿಯಾಯಿತು.

ನೆಲದ ಕೆಳಗೆ ಮಲಗಬೇಡಿ. ಮಲಗಿದರೂ ಮಗುವನ್ನು ಬಾಗಿಲ ಹತ್ತಿರ ಮಲಗಿಸಿ. ಬಾಗಿಲ ಹತ್ತಿರವೂ ಬೇಡ, ಯಾರಾದರೂ ಬಂದರೆ? ನಡುವೆ ಮಲಗಿಸಿ.

ಪರ್ತಿಗೆ ಬರುವ ಮಾತು ಎತ್ತಿದ್ದೀರಿ. ನನಗೂ ಆಸೆ ಇಲ್ಲವೆಂದಲ್ಲ. ಸಮೀಕ್ಷಾಳ ಕೂದಲಿಗೆ ಯಾರು ಎಣ್ಣೆ ಹಚ್ಚುತ್ತಾರೋ ಎಂದು ದಿನಾ ಅನಿಸುತ್ತದೆ. ಆದರೆ ಮೊಣಕಾಲು ಮಡಚಿ ಅಷ್ಟು ಹೊತ್ತು ವಿಮಾನದಲ್ಲಿ ಕೂರುವುದು ಆಗದ ಮಾತು. ಫಿಲೊಮಿನಾ ಕೇಳಿಸಿಕೊಂಡು, "ನಿನ್ನ ಮೊಣಕಾಲು ನೋವು ವಿಚಿತ್ರ ಉಂಟು. ಪಾಸ್‌ಪೋರ್ಟ್ ನೋಡಿದ್ರೆ ಮಾತ್ರ ಬರ್ತದೆ. ಪಾಸಾರಿಗೆ ಹೋಗ್ಲಿಕ್ಕೆ ನನಗಿಂತ ಮುಂದೆ ಓಡ್ತೀ" ಎಂದಳು. ತರಕಾರಿ ಮಾರ್ಕೆಟು ಸಮ ನೆಲ, ವಿಮಾನಕ್ಕೆ ಮೆಟ್ಟಿಲು ಇರುತ್ತದೆ ಎಂದೆ. ಈಗಿನ ವಿಮಾನಕ್ಕೆ ಮೆಟ್ಟಿಲು ಹತ್ತುವುದಿಲ್ಲವಂತೆ. ನನಗೇನು ಗೊತ್ತು, ನೀವು ಯಾವಾಗಲೂ ಮುಂದೆ ನಡೆಯುತ್ತೀರಿ, ನಾನು ನಿಮ್ಮ ಅಂಗಿಯನ್ನೇ ನೋಡಿಕೊಂಡು ಹಿಂದೆ ಬರುತ್ತೇನೆ.

ಆಲೂಗಡ್ಡೆಯನ್ನು ಹಾಸಿಗೆ ಮೇಲೆ ಇಡಬೇಡಿ, ಮೊಳಕೆ ಬರುತ್ತದೆ.

ಜಲಜಾಕ್ಷಿ


ನಲ್ಲರ್‌ಬರ್ ಬಯಲು
೧೮ ಸೆಪ್ಟೆಂಬರ್

ಜಲಜಾ,

ಇಲ್ಲಿ ಮರವೇ ಇಲ್ಲ. ಬಯಲಿನ ಹೆಸರಿನ ಅರ್ಥವೇ ಅದಂತೆ. ನಾಲ್ಕೂ ಕಡೆ ಆಕಾಶ ನೆಲಕ್ಕೆ ತಾಗಿಕೊಂಡಿದೆ, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಮನೀಷ್ ಕಾರು ನಿಲ್ಲಿಸಿ, "ಮಾವಾ, ಇಲ್ಲಿ ನಿಂತು ಅತ್ತೆನ ಕೂಗಿದ್ರೆ ಕೇಳಿಸುತ್ತೆ ನೋಡಿ, ಮಧ್ಯ ಏನೂ ಅಡ್ಡ ಇಲ್ಲ" ಎಂದ. ನಾನು ನಿಜವಾಗಿಯೂ ಕೂಗಿದೆ. ಸಮೀಕ್ಷಾಳೂ ಕೂಗಿದಳು. ಮಯೂರಿ ಕಾರಿನೊಳಗೆ ಮುಖ ಮುಚ್ಚಿಕೊಂಡು ಕೂತಳು, ಹಿಂದಿನಿಂದ ಇನ್ನೊಂದು ಗಾಡಿ ಬರುತ್ತಿತ್ತು.

ಇವತ್ತು ತಿಮಿಂಗಿಲ ನೋಡಿದೆವು. ಬಯಲು ಹಠಾತ್ತನೆ ಕತ್ತರಿಸಿ ಬೀಳುತ್ತದೆ, ಕೆಳಗೆ ಕಡಲು. ತಾಯಿ ತಿಮಿಂಗಿಲ ಅಲ್ಲಾಡದೆ ತೇಲಿಕೊಂಡಿತ್ತು, ಮರಿ ಅದರ ಬೆನ್ನ ಮೇಲೆ ಹತ್ತಿ ಇಳಿದು ಕಾಟ ಕೊಡುತ್ತಿತ್ತು. ತಾಯಿ ದೂರ ಹೋಗುವಂತೆ ನಟಿಸುವುದು, ಮರಿ ಅಟ್ಟಿಸಿಕೊಂಡು ಬರುವುದು. ಎಲ್ಲರೂ ಮೊಬೈಲು ಹಿಡಿದು ನಿಂತಿದ್ದರು. ನಾನು ನಿನಗೆ ತೋರಿಸಲೆಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರೋ ಜರ್ಮನಿಯ ಮುದುಕ ಇದ್ದ. ಅವನಿಗೇ ತೋರಿಸಿದೆ. ಪಾಪ, ಅವನೂ ಮೊದಲೇ ನೋಡುತ್ತಿದ್ದ.

ವಾಂತಿ ಇಲ್ಲ, ಹಾವು ಇಲ್ಲ. ಕಾಂಗರೂ ಸಭ್ಯವಾಗಿವೆ.

ಸುಬ್ರಾಯ


ಪೆಟಾಲಿಂಗ್ ಜಯಾ
೧೯ ಸೆಪ್ಟೆಂಬರ್

ರೀ,

ವಾಂತಿ ಇಲ್ಲ, ಹಾವು ಇಲ್ಲ ಎಂದಿರಿ. ಗಾಡಿ ಕೆಟ್ಟಿತ್ತೇ ಎಂದು ನಾನು ಮೊದಲು ಕೇಳಿದ್ದೆ, ಅದಕ್ಕೆ ಉತ್ತರ ಇಲ್ಲ. ನಾನು ಕಡಿಮೆ ಓದಿರಬಹುದು, ಬಿಟ್ಟದ್ದು ಕಾಣದಷ್ಟು ಕಡಿಮೆ ಓದಿಲ್ಲ.

ಇದಕ್ಕೆ ಮಾತ್ರ ಉತ್ತರ ಬರೆಯಿರಿ. ಮರವೇ ಇಲ್ಲದ ಕಡೆ ನೆರಳು ಎಲ್ಲಿ? ನೀರು ಎಷ್ಟಿದೆ? ಬಿಪಿ ಮಾತ್ರೆ ನುಂಗುತ್ತೀರಾ? ನಿಂಬೆಹಣ್ಣು ದಿನಾ ಇಡುತ್ತೀರಾ, ಬಾಗಿಲಿನದು ಬದಲಾಯಿಸಿದಿರಾ?

ಕಡಲಿನ ಅಂಚಿಗೆ ಹೋಗಿ ನಿಲ್ಲಬೇಡಿ. ಆ ಮುದುಕನಿಗೆ ತೋರಿಸಿದ್ದನ್ನು ಓದಿ ಆಮೇಲೆ ಅನ್ನ ಸೇರಲಿಲ್ಲ. ಯಾಕೆಂದು ಗೊತ್ತಿಲ್ಲ, ಸೆಖೆ ಇರಬೇಕು.

ಜಲಜಾಕ್ಷಿ


ಯೂಕ್ಲಾ
೨೧ ಸೆಪ್ಟೆಂಬರ್

ಜಲಜಾ,

ನೆರಳು ಕ್ಯಾರವಾನಿನದೇ, ಪಕ್ಕಕ್ಕೆ ಒಂದು ಚಪ್ಪರ ಬಿಚ್ಚಿಕೊಳ್ಳುತ್ತದೆ. ನೀರು ಟ್ಯಾಂಕು ತುಂಬ ಇದೆ. ಬಿಪಿ ಮಾತ್ರೆ ನುಂಗುತ್ತೇನೆ. ಊಟಕ್ಕೆ ಮಯೂರಿ ಇವತ್ತು ಬಿಸಿಬೇಳೆಭಾತು ಮಾಡಿದಳು, ಪಕ್ಕದ ಕ್ಯಾರವಾನಿನ ದಂಪತಿ ವಾಸನೆ ಹಿಡಿದುಕೊಂಡು ತಟ್ಟೆಯ ಸಮೇತ ಬಂದರು.

ರಾಜ್ಯದ ಗಡಿ ದಾಟಿ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಬಂದೆವು. ಗಡಿಯಾರವನ್ನು ಮುಕ್ಕಾಲು ಗಂಟೆ ಹಿಂದೆ ತಿರುಗಿಸಬೇಕಂತೆ, ಈ ಊರಿನವರದ್ದೇ ಒಂದು ಟೈಮು. ಪರ್ತಿಗೆ ಹೋದರೆ ನಿನ್ನ ಟೈಮು, ನನ್ನ ಟೈಮು ಒಂದೇ. ಅಷ್ಟರ ಮಟ್ಟಿಗೆ ಹತ್ತಿರ ಬಂದಿದ್ದೇನೆ.

ಇನ್ನೊಂದು ಸಂತೋಷದ ಸುದ್ದಿ. ನಿನ್ನ ಹಾಸಿಗೆಯ ಮೇಲಿನ ಆಲೂಗಡ್ಡೆ ಖಾಲಿಯಾಯಿತು. ಮಯೂರಿ ಹೊಸ ಹಾಸು ಹಾಕಿದ್ದಾಳೆ, ಕಿಟಕಿಯಿಂದ ಗಾಳಿ ಚೆನ್ನಾಗಿ ಬರುತ್ತದೆ. ಇನ್ನು ನೀನು ಬರುವುದೊಂದೇ ಬಾಕಿ.

ಸುಬ್ರಾಯ


ಪೆಟಾಲಿಂಗ್ ಜಯಾ
೨೩ ಸೆಪ್ಟೆಂಬರ್

ರೀ,

ನಿಮ್ಮ ಪತ್ರ ಬಂದ ದಿನವೇ ಮೊಮ್ಮಗಳದ್ದೂ ಒಂದು ಪತ್ರ ಬಂತು. ಇಂಗ್ಲಿಷಿನಲ್ಲಿ, ಬಣ್ಣದ ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ ಚಿತ್ರ. ಫಿಲೊಮಿನಾ ಓದಿ ಹೇಳಿದಳು. ಓದುತ್ತಾ ಓದುತ್ತಾ ಅವಳ ಸ್ವರ ಸಣ್ಣಗಾಯಿತು. "ಮುಂದೆ ಓದು" ಎಂದೆ. "ಮುಂದೆ ಎಂತ ಇಲ್ಲ, ಲವ್ ಯು ಅಜ್ಜಿ ಅಂತ ಉಂಟು" ಎಂದಳು. ನಡುವೆ ಎಷ್ಟೋ ಸಾಲು ಕಾಣುತ್ತಿತ್ತು. ಬಿಡಲಿಲ್ಲ, ಎಲ್ಲ ಓದಿಸಿದೆ.

ಕೂಬರ್ ಪೀಡಿಗೆ ಹೋಗುವಾಗ ಕ್ಯಾರವಾನಿನ ಟೈರು ಢಮ್ ಎಂದು ಒಡೆದು ಗಾಡಿ ಹಾವಿನ ಹಾಗೆ ಓಲಾಡಿತಂತೆ. ಅಜ್ಜ ಬಿಸಿಲಲ್ಲಿ ನೆಲದ ಮೇಲೆ ಮಲಗಿ ಟೈರು ಬದಲಿಸಿದರಂತೆ. ಪಕ್ಕದಲ್ಲೇ ರೈಲಿನಷ್ಟು ಉದ್ದದ ಲಾರಿ ಹೋಗುತ್ತಿತ್ತಂತೆ. ಚಿತ್ರದಲ್ಲಿ ನಿಮ್ಮ ಎರಡು ಕಾಲು ಮಾತ್ರ ಹೊರಗೆ ಕಾಣುತ್ತದೆ. ಇದು ನಿಮ್ಮ ಪ್ರಕೃತಿ!

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಗಡಿಯಲ್ಲಿ ನಿಂಬೆಹಣ್ಣು ಪೊಲೀಸರು ಹಿಡಿದುಕೊಂಡರಂತೆ! ಎರಡನೇ ಚಿತ್ರದಲ್ಲಿ ಟೋಪಿ ಹಾಕಿದ ಹೆಂಗಸು ನಿಂಬೆಹಣ್ಣಿಗೆ ಕೈ ತೋರಿಸುತ್ತಿದ್ದಾಳೆ, ನೀವು ಕೈ ಮುಗಿದು ನಿಂತಿದ್ದೀರಿ. ಆಲೂಗಡ್ಡೆ ಖಾಲಿಯಾಯಿತು ಎಂದಾಗಲೇ ಅನುಮಾನ ಬಂದಿತ್ತು. ಒಂದು ಚೀಲ ಆಲೂಗಡ್ಡೆಯನ್ನು ಮೂರೂವರೆ ಜನ ಅಷ್ಟು ಬೇಗ ತಿನ್ನುತ್ತಾರೆಯೇ?

ನಾನು ಹೆದರುವವಳು ಎಂದು ನೀವು ಏನನ್ನೂ ಹೇಳುವುದಿಲ್ಲ. ನೀವು ಹೇಳುವುದಿಲ್ಲವೆಂದು ನಾನು ಇನ್ನೂ ಹೆದರುತ್ತೇನೆ. ಇನ್ನು ಎಲ್ಲ ಚೆನ್ನಾಗಿದೆ ಎಂದು ಬರೆದರೆ ಅದನ್ನು ಹೇಗೆ ನಂಬಲಿ? ಕೆಟ್ಟದ್ದೇ ಬರೆದಿದ್ದರೆ ಕೆಟ್ಟದ್ದಕ್ಕೆ ಒಂದು ಅಳತೆಯಾದರೂ ಸಿಗುತ್ತಿತ್ತು.

ಸದ್ಯಕ್ಕೆ ನಾನು ಬರೆಯುವುದಿಲ್ಲ. ಕೆಲಸ ಇದೆ.

ಜಲಜಾಕ್ಷಿ


ನಾರ್ಸ್‌ಮನ್
೨೬ ಸೆಪ್ಟೆಂಬರ್

ಜಲಜಾ,

ತಪ್ಪಾಯಿತು. ಇಗೋ, ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಗಡಿಯಲ್ಲಿ ಇರುವುದು ಪೊಲೀಸರಲ್ಲ, ತಪಾಸಣೆಯವರು. ಹಣ್ಣಿನ ಹುಳ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬಾರದೆಂದು ಹಣ್ಣು, ತರಕಾರಿ, ಜೇನು ಎಲ್ಲ ಅಲ್ಲೇ ಬಿಟ್ಟು ಹೋಗಬೇಕು. ನಮಗೆ ಗೊತ್ತಿತ್ತು. ಮಯೂರಿ ನಿಂಬೆ ಚೀಲ, ಆಲೂಗಡ್ಡೆ, ಈರುಳ್ಳಿ ಎಲ್ಲ ಮೊದಲೇ ತೆಗೆದು ಮುಂದಿಟ್ಟಳು. ಆ ಹೆಂಗಸು ನಗುನಗುತ್ತಾ ತೆಗೆದುಕೊಂಡು, ಇನ್ನೇನಾದರೂ ಹಣ್ಣು ಉಂಟೇ ಎಂದು ಕೇಳಿದಳು. ನಾವು ನಾಲ್ವರೂ ಒಂದೇ ಉಸಿರಿಗೆ ಇಲ್ಲ ಎಂದೆವು. ಸುಳ್ಳಲ್ಲ ಜಲಜಾ, ಒಬ್ಬರ ತಲೆಗೂ ಹೊಳೆಯಲಿಲ್ಲ. ಆಕೆ ಬೆರಳು ಎತ್ತಿ ಬಾಗಿಲ ಮೇಲೆ ತೋರಿಸಿದಳು. ಅಲ್ಲಿ ಮೆಣಸಿನಕಾಯಿಯ ನಡುವೆ ನಿನ್ನ ನಿಂಬೆಹಣ್ಣು ಗಾಳಿಗೆ ತೂಗುತ್ತಿತ್ತು.

ನಾನು, "ಅದು ಹಣ್ಣಲ್ಲ ಮೇಡಮ್" ಎಂದೆ. ಬಾಯಿಗೆ ಬಂದದ್ದು ಅದೇ. ಕಟ್ಟಿದ ಮೇಲೆ ಅದನ್ನು ಹಣ್ಣೆಂದು ನಮ್ಮಲ್ಲಿ ಯಾರು ನೋಡುತ್ತಾರೆ? ಆಕೆ ಮೂಸಿ ನೋಡಿ, ನನಗೆ ನಿಂಬೆಯ ಹಾಗೇ ಕಾಣುತ್ತದೆ ಎಂದಳು. ಮನೀಷ್ ಇದು ಧರ್ಮದ ವಿಷಯ ಎಂದು ಶುರುಮಾಡಿದ. ಮಯೂರಿ, "ನೀವು ಸುಮ್ನಿರಿ, ದಂಡ ಹಾಕ್ಸ್‌ತೀರಾ" ಎಂದು ಅವನ ಕಾಲು ತುಳಿದಳು. ಕೊನೆಗೆ ಸಮೀಕ್ಷಾ ಮುಂದೆ ಬಂದು, ನಮ್ಮ ಅಜ್ಜಿ ಬಹಳ ಹೆದರುತ್ತಾರೆ, ಅದು ಅವರ ಸೇಫ್ಟಿ ಬೆಲ್ಟು ಎಂದು ಹೇಳಿದಳು. ಆಕೆ ಕೈಗವಸು ಹಾಕಿಕೊಂಡು ತಾನೇ ಮೆಲ್ಲಗೆ ಬಿಚ್ಚಿದಳು. ತೊಟ್ಟಿಗೆ ಎಸೆಯಲಿಲ್ಲ, ಇಟ್ಟಳು. ಬರೀ ಎಚ್ಚರಿಕೆ ಕೊಟ್ಟು ಕಳಿಸಿದಳು. ನಾನು ಕೈ ಮುಗಿದದ್ದು ಆಗಲೇ.

ಟೈರು ಒಡೆದದ್ದೂ ನಿಜ. ಆದರೆ ಆವತ್ತು ಎಲ್ಲ ಚಕ್ರಕ್ಕೂ ನಿಂಬೆ ಇಟ್ಟೇ ಹೊರಟಿದ್ದೆ. ನಿಂಬೆ ಹೋದ ಮೇಲೆ ಉಳಿದ ಬಯಲು ಪೂರ್ತಿ ದಾಟಿ ಬಂದೆವು, ಒಂದು ಮುಳ್ಳೂ ಚುಚ್ಚಿಲ್ಲ. ಇದಕ್ಕೆ ಏನು ಹೇಳುತ್ತೀ?

ಬೈದಾದರೂ ಬರೆ. ದಾರಿ ಒಂದು ಕಡೆ ಎಷ್ಟು ನೇರ ಇತ್ತೆಂದರೆ ತಿರುವು ಮೊದಲು ಕಂಡವರಿಗೆ ಬಹುಮಾನ ಎಂದು ಆಟ ಆಡಿದೆವು. ಎಲ್ಲರೂ ನಿದ್ದೆ ಹೋದರು. ನಾನೊಬ್ಬನೇ ಮೊಬೈಲಿನಲ್ಲಿ ಸಿಗ್ನಲ್ಲಿನ ಕಡ್ಡಿ ನೋಡುತ್ತಾ ಕೂತಿದ್ದೆ.

ಸುಬ್ರಾಯ


ಕಾಲ್‌ಗೂರ್ಲಿ
೨೯ ಸೆಪ್ಟೆಂಬರ್

ಜಲಜಾ,

ನಿನ್ನ ಪತ್ರವಿಲ್ಲ. ಇಲ್ಲಿ ಸಿಗ್ನಲ್ಲು ಚೆನ್ನಾಗಿದೆ, ಮನೆಗೆ ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಫಿಲೊಮಿನಾಗೆ ಮಾಡಿದೆ. "ಅವ್ಳು ಹೊರಗೆ ಹೋಗಿದ್ದಾಳೆ" ಎಂದರು. ಎಲ್ಲಿಗೆ ಎಂದರೆ, "ಅದೆಲ್ಲ ನನ್ನತ್ರ ಕೇಳ್ಬೇಡಿ, ಅವ್ಳು ಹೇಳ್ಬೇಡ ಅಂದಿದ್ದಾಳೆ. ಅಯ್ಯೋ, ಅದನ್ನೂ ಹೇಳ್ಬಾರ್ದಿತ್ತು! ನೀವು ತಲೆಬಿಸಿ ಮಾಡ್ಬೇಡಿ ಆಯ್ತಾ" ಎಂದು ಇಟ್ಟುಬಿಟ್ಟರು. ಆಮೇಲೆ ತಲೆಬಿಸಿ ಆಗದೆ ಇರುತ್ತದೆಯೇ?

ನಿನ್ನೆ ಒಮ್ಮೆ ನೀನು ಮೊಬೈಲು ಎತ್ತಿದೆ. ಪಾಸಾರಿನಲ್ಲಿದ್ದೇನೆ, ತೊಂಡೆಕಾಯಿ ಕೊಳ್ಳುತ್ತಿದ್ದೇನೆ ಎಂದೆ. ನಿನ್ನ ಹಿಂದೆ ಟಿಂಗ್ ಟಾಂಗ್ ಎಂದು ಗಂಟೆ ಬಾರಿಸಿ, ಒಬ್ಬ ಹೆಂಗಸು ಮೈಕಿನಲ್ಲಿ ಯಾರ ಹೆಸರನ್ನೋ ಕರೆದಳು. ಯಾವ ಪಾಸಾರಿನಲ್ಲಿ ತೊಂಡೆಕಾಯಿ ಮಾರಲು ಮೈಕಿನಲ್ಲಿ ಹೆಸರು ಕರೆಯುತ್ತಾರೆ? ಅದು ಆಸ್ಪತ್ರೆ. ನನ್ನ ಪಿತ್ತಕೋಶದ ಆಪರೇಷನ್ನಿನಲ್ಲಿ ಮಲಗಿ ಮಲಗಿ ಕೇಳಿದ ಶಬ್ದ, ಮರೆಯುತ್ತೇನೆಯೇ? ಮೊಣಕಾಲು ನೆಪವೆಂದು ನಾನೂ ಮನಸ್ಸಿನಲ್ಲೇ ನಕ್ಕಿದ್ದೆ. ನಿಜವಾಗಿಯೇ ನೋವಿತ್ತೇ? ಅಥವಾ ಬೇರೆ ಏನಾದರೂ ಇದೆಯೇ? ನೀನು ಬರೆದ ಒಂದೊಂದು ಪತ್ರವನ್ನೂ ಮತ್ತೆ ತೆಗೆದು ಓದಿದೆ. ಅನ್ನ ಸೇರಲಿಲ್ಲ ಎಂದು ಬರೆದಿದ್ದೀ. ನಾನು ಆಗಲೇ ಗಮನಿಸಬೇಕಿತ್ತು.

ಇನ್ನು ಉತ್ತರಕ್ಕೆ ಹೋಗುವುದೂ ಬೇಡ, ಬ್ರೂಮೂ ಬೇಡ. ನವೆಂಬರಿಗೆಂದು ಮೊದಲೇ ತೆಗೆದಿದ್ದ ವಾಪಸು ಟಿಕೆಟನ್ನು ಬೇಗಿನ ದಿನಕ್ಕೆ ಬದಲಿಸಲು ನೋಡಿದೆ, ಮೊಬೈಲಿನಲ್ಲಿ ಅದು ಆಗಲಿಲ್ಲ. ಬೇರೆಯೇ ಟಿಕೆಟು ತೆಗೆದಿದ್ದೇನೆ. ಮೂರನೇ ತಾರೀಖು ಮಧ್ಯಾಹ್ನ ಪರ್ತಿನಿಂದ ಹೊರಟು ರಾತ್ರಿ ಮನೆಗೆ ಬರುತ್ತೇನೆ. ಮಯೂರಿಗೆ ಇನ್ನೂ ಹೇಳಿಲ್ಲ, ಹೆದರುತ್ತಾಳೆ.

ಡಾಕ್ಟರು ಏನು ಹೇಳಿದರೂ ನಾನು ಬರುವ ತನಕ ಯಾವುದಕ್ಕೂ ಸಹಿ ಹಾಕಬೇಡ.

ಸುಬ್ರಾಯ


ಪೆಟಾಲಿಂಗ್ ಜಯಾ
೧ ಅಕ್ಟೋಬರ್

ರೀ,

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಅಳು ಬಂತು, ಆಮೇಲೆ ತಾರೀಖು ನೋಡಿ ಪಕ್ಕದ ಮನೆಗೆ ಓಡಿದೆ.

ನನಗೆ ಏನೂ ಆಗಿಲ್ಲ. ನೀವು ಕೇಳಿದ್ದು ಆಸ್ಪತ್ರೆಯ ಗಂಟೆಯಲ್ಲ, ವಿಮಾನ ನಿಲ್ದಾಣದ್ದು. ಮೊಮ್ಮಗಳ ಪತ್ರ ಓದಿಸಿದ ದಿನ ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಫಿಲೊಮಿನಾ ಸಮಾಧಾನ ಮಾಡುವವಳಲ್ಲ. "ಇಲ್ಲಿ ಕೂತು ಅಷ್ಟು ದೂರದ ಟೈರಿಗೆ ಅಳ್ತಿ. ಅಲ್ಲೇ ಹೋಗಿ ಅಳು ಮಾರಾಯ್ತಿ, ಹತ್ರದಿಂದ ಕಾಣ್ತದೆ" ಎಂದಳು. ಬೈಗುಳದ ಹಾಗೆ ಹೇಳಿದಳು, ನನಗೆ ಅದು ಸರಿ ಎನಿಸಿತು.

ಮೊಣಕಾಲಿನ ಮಾತು ಬಿಟ್ಟುಬಿಡಿ. ನನಗೆ ಹೆದರಿಕೆ ಇದ್ದದ್ದು ನಿಲ್ದಾಣದ್ದು. ಎಲ್ಲಿ ತಿರುಗಬೇಕು, ಕೌಂಟರಿನವರು ಏನು ಕೇಳುತ್ತಾರೆ, ನಾನು ಒಂದು ಹೇಳಿ ಅವರು ಇನ್ನೊಂದು ತಿಳಿದು ಒಳಗೆ ಕೂರಿಸಿದರೆ ಯಾರಿದ್ದಾರೆ ಬಿಡಿಸಲು. ಅದಕ್ಕೆ ಅಭ್ಯಾಸ ಮಾಡಿದೆ. ಮೊದಲ ದಿನ ಫಿಲೊಮಿನಾಳ ಜೊತೆ ಎಲ್‌ಆರ್‌ಟಿ ರೈಲು ಹತ್ತಿ ಬಾಂಗ್ಸಾರ್ ತನಕ ಹೋಗಿ ತೋಸೈ ತಿಂದು ವಾಪಸು ಬಂದೆವು. ಮರುದಿನ ನಾನೊಬ್ಬಳೇ ಹೋಗಿ ಇನ್ನೂ ಮುಂದೆ ಇಳಿದೆ. ಆಮೇಲೆ ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಹೋಗುವ ರೈಲು ಹತ್ತಿದೆ. ಹೋಗುವುದು, ಜನ ಹೇಗೆ ಸಾಲು ನಿಲ್ಲುತ್ತಾರೆ, ಪೆಟ್ಟಿಗೆ ಎಲ್ಲಿ ಕೊಡುತ್ತಾರೆ, ಯಾವಾಗ ಪಾಸ್‌ಪೋರ್ಟು ತೆಗೆಯುತ್ತಾರೆ ಎಂದು ನೋಡುವುದು, ಒಂದು ತೇ ತಾರಿಕ್ ಚಹಾ ಕುಡಿದು ಮನೆಗೆ ಬರುವುದು. ದಿನಾ ಕಾಣುತ್ತಿದ್ದ ಒಬ್ಬ ಮಲಯ ಗಾರ್ಡು ಹತ್ತಿರ ಬಂದು, "ಮಾಕ್ಚಿಕ್, ದಿನಾ ಬರ್ತೀರಲ್ಲ, ಯಾರಿಗೆ ಕಾಯ್ತಿದ್ದೀರಿ?" ಎಂದು ಅವನ ಭಾಷೆಯಲ್ಲಿ, ಚಿಕ್ಕಮ್ಮನನ್ನು ಮಾತಾಡಿಸುವ ಹಾಗೆ ಕೇಳಿದ. ಯಾರಿಗೂ ಅಲ್ಲ ಮಗಾ, ಪ್ರಯಾಣ ಕಲಿಯುತ್ತಿದ್ದೇನೆ ಎಂದೆ. ಅವನು ನಗಲಿಲ್ಲ. ಬನ್ನಿ ಎಂದು ಕರೆದುಕೊಂಡು ಹೋಗಿ ಒಳಗೆ ಹೋಗುವ ಬಾಗಿಲು ಯಾವುದು, ಬೋರ್ಡಿನಲ್ಲಿ ವಿಮಾನದ ನಂಬರು ಎಲ್ಲಿ ಬರುತ್ತದೆ ಎಲ್ಲ ತೋರಿಸಿದ. ನೀವು ಫೋನು ಮಾಡಿದ್ದು ಆ ಬೋರ್ಡಿನ ಕೆಳಗೆ ನಿಂತಿದ್ದಾಗ. ಅಚ್ಚರಿಯಾಗಲಿ ಎಂದು ಹೇಳಲಿಲ್ಲ ಎಂದರೆ ಅರ್ಧ ಸುಳ್ಳು. ಕೊನೆ ಘಳಿಗೆಯಲ್ಲಿ ಹೆದರಿ ಹಿಂದೆ ಬಂದರೆ ನಿಮಗೆ ಇನ್ನೊಮ್ಮೆ ಬೇಸರವಾಗಬಾರದು ಎಂದು ಹೇಳಲಿಲ್ಲ.

ಧೈರ್ಯ ಬಂದಿದೆ ಎಂದು ತಿಳಿಯಬೇಡಿ. ಅದೇನೂ ಬಂದಿಲ್ಲ. ನಿಮ್ಮ ವಿಷಯದ ಹೆದರಿಕೆ ವಿಮಾನದ ಹೆದರಿಕೆಗಿಂತ ದೊಡ್ಡದಾಯಿತು, ಅಷ್ಟೇ. ಇನ್ನು ನಿಂಬೆಹಣ್ಣು ಇಟ್ಟಿದ್ದಾಗಲೇ ಟೈರು ಒಡೆಯಿತು ಎಂದು ದೊಡ್ಡ ವಾದ ಮಾಡಿದ್ದೀರಿ. ಇಟ್ಟಿದ್ದರಿಂದಲೇ ಬರೀ ಟೈರಿಗೆ ಮುಗಿಯಿತು. ಅದನ್ನು ಬಂದು ಮಾತಾಡುತ್ತೇನೆ.

ಫಿಲೊಮಿನಾಳ ಮಗ ಬ್ರಾಯನ್ ಟಿಕೆಟು ತೆಗೆದುಕೊಟ್ಟ. ಯಾವ ದಿನ ಗೊತ್ತೇ? ಮೂರನೇ ತಾರೀಖು! ಬೆಳಗ್ಗೆ ಇಲ್ಲಿಂದ ಹೊರಟು ಮಧ್ಯಾಹ್ನ ಪರ್ತಿನಲ್ಲಿ ಇಳಿಯುತ್ತದೆ. ನಿಮ್ಮದು ಅದೇ ಮಧ್ಯಾಹ್ನ ಅಲ್ಲಿಂದ ಹೊರಡುತ್ತದೆ. ನನ್ನ ಟಿಕೆಟನ್ನೂ ನಿಮ್ಮ ಪತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಬ್ರಾಯನ್ ನಕ್ಕು ನಕ್ಕು ನೆಲದ ಮೇಲೆ ಕೂತ. "ಆಂಟಿ, ಇದು ಸೇಮ್ ಪ್ಲೇನು. ಅದೇ ತಿರುಗಿ ಬರುವುದು. ನೀವು ಎದ್ದ ಸೀಟಲ್ಲಿ ಅಂಕಲ್ ಕೂತ್ಕೊಳ್ತಾರೆ, ಸೀಟು ಬಿಸಿ ಇರ್ತದೆ" ಎಂದ. ಅವನಿಗೆ ನಗು. ನಾನು ಅಲ್ಲಿ ಇಳಿದು ನಿಮ್ಮ ಅಂಗಿ ಹುಡುಕುತ್ತಿದ್ದರೆ, ನೀವು ಇಲ್ಲಿಗೆ ಬಂದು ಬೀಗ ಹಾಕಿದ ಮನೆಯ ಮುಂದೆ ನಿಂತಿರುತ್ತಿದ್ದಿರಿ.

ಕೂಡಲೇ ಮಯೂರಿಗೆ ಫೋನು ಮಾಡಿದೆ. ವಿಷಯ ಕೇಳಿ, "ಅಮ್ಮಾ! ನೀವಿಬ್ರೂ ಸೇರಿ ನನ್ನ ಕೊಲ್ತೀರಾ" ಎಂದು ಕಿರುಚಿದಳು. ಹಿಂದೆ ಸಮೀಕ್ಷಾ, "ಅಜ್ಜಿ ಈಸ್ ಕಮಿಂಗ್ ಲಾ! ಅಜ್ಜಿ ಈಸ್ ಕಮಿಂಗ್!" ಎಂದು ಹಾರುವುದು ಕೇಳಿಸಿತು, ಏನೋ ಪಾತ್ರೆ ಬಿದ್ದದ್ದೂ ಕೇಳಿಸಿತು. ನಿಮ್ಮನ್ನು ಕೊಡು ಎಂದರೆ, ಅಪ್ಪ ಹೊರಗೆ ಹೋಗಿ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ಆಮೇಲೆ ಮಾಡುತ್ತಾರೆ ಎಂದಳು. ನೀವು ಮಾಡಲಿಲ್ಲ. ಸಂಜೆ ಅವಳಿಂದ ಒಂದು ಸಾಲು ಬಂತು: ಅಪ್ಪ ಟಿಕೆಟ್ ಕ್ಯಾನ್ಸಲ್ ಮಾಡಿದ್ರು.

ಪೆಟ್ಟಿಗೆ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ತಿನ್ನುವುದು ಏನೂ ಹಾಕಿಲ್ಲ, ಹಪ್ಪಳ ಸಹ ಹಾಕಿಲ್ಲ, ನಿಮ್ಮ ಆ ಟೋಪಿಯ ಹೆಂಗಸು ನಿಲ್ದಾಣದಲ್ಲೂ ಇರಬಹುದು. ಗಿಡಕ್ಕೆ ನೀರು ಹಾಕಲು ಫಿಲೊಮಿನಾಗೆ ಹೇಳಿದ್ದೇನೆ. ಮಲಗೋಣ ಎಂದು ಹೋದವಳು ಎದ್ದು ಬಂದು ಇಷ್ಟು ಬರೆಯುತ್ತಿದ್ದೇನೆ. ಯಾಕೆಂದರೆ ನಿಮ್ಮ ಹತ್ತಿರ ಎರಡು ಟಿಕೆಟು ಇತ್ತು. ಒಂದು ಮೊದಲಿನದು, ನವೆಂಬರಿನದು, ಅದು ನಮಗೆ ಬೇಕು, ಅದರಲ್ಲೇ ನಾವಿಬ್ಬರೂ ಒಟ್ಟಿಗೆ ವಾಪಸು ಬರುವುದು, ಬ್ರಾಯನ್ ನನ್ನದನ್ನೂ ಅದೇ ದಿನಕ್ಕೆ ತೆಗೆದಿದ್ದಾನೆ. ಇನ್ನೊಂದು ಈ ಮೂರನೇ ತಾರೀಖಿನದು. ಕ್ಯಾನ್ಸಲ್ ಮಾಡಿದ್ರು ಎಂದು ಮಯೂರಿ ಬರೆದಿದ್ದಾಳೆ, ಯಾವುದನ್ನು ಎಂದು ಬರೆದಿಲ್ಲ. ಅವಸರದಲ್ಲಿ, ಅದೂ ಕಣ್ಣು ಒದ್ದೆ ಮಾಡಿಕೊಂಡು ಆ ಸಣ್ಣ ಅಕ್ಷರ ಒತ್ತಿದವರು ನೀವು. ಕನ್ನಡಕ ಹಾಕಿಕೊಂಡು, ಮನೀಷನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ರದ್ದಾದದ್ದು ಮೂರನೇ ತಾರೀಖಿನದೇ ಹೌದೋ ಎಂದು ಇನ್ನೊಂದು ಸಲ ನೋಡಿ ಹೇಳಿ.

ಜಲಜಾಕ್ಷಿ